ಕೆಸರಿಗೆ ಇಳಿಸಿದ ಗಾಳಿ ಡಾಂಬರಿಗೆ ಬರಬಾರದು

ಮಳೆ ಹಿಡಿದರೆ ಸಾಕು, ನಮ್ಮ ಮಲೆನಾಡಿನ ಹುಡುಗರ ವಾಟ್ಸಾಪ್ ಸ್ಟೇಟಸ್ ತುಂಬಾ ಕೆಸರು. ತೋಟದ ಏರಿನಲ್ಲಿ ಜೀಪು ನಾಲ್ಕೂ ಚಕ್ರದಿಂದ ಮಣ್ಣು ಎರಚುತ್ತಾ ಹತ್ತುವ ವಿಡಿಯೋ, ಹಿಂದೆ ಒಂದು ಸಿನಿಮಾ ಹಾಡು. ಹೇಗೆ ಹತ್ತಿಸಿದೆ ಮಾರಾಯ ಅಂತ ಕೇಳಿದರೆ ಒಂದೇ ಉತ್ತರ: "ಗಾಳಿ ಬಿಟ್ಟೆ ಅಣ್ಣ, ಹದಿನೈದಕ್ಕೆ ಇಳಿಸ್ದೆ." ಸರಿ, ಒಳ್ಳೇ ಕೆಲಸ ಮಾಡಿದೆ. ಆಮೇಲೆ ಡಾಂಬರಿಗೆ ಬಂದು ಮನೆಗೆ ಹೋಗುವಾಗ ಎಷ್ಟಿತ್ತು? ಈ ಪ್ರಶ್ನೆಗೆ ಮಾತ್ರ ನಗುತ್ತಾರೆ.

ನಾನೂ ಹಾಗೇ ನಗುತ್ತಿದ್ದೆ. ಮೂರು ವರ್ಷದ ಹಿಂದಿನ ಜುಲೈ ಕೊನೆ ವಾರದವರೆಗೆ.

ಅವತ್ತು ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಸಿಬಿಡೋಣ ಅಂತ ಎರಡು ಡ್ರಮ್ ನೀರು, ಸುಣ್ಣ, ಮೈಲುತುತ್ತ, ಸ್ಪ್ರೇಯರ್ ಎಲ್ಲ ಹೇರಿಕೊಂಡು ಹಳೇ ಫೋರ್‌ವೀಲ್ ಜೀಪಿನಲ್ಲಿ ತೋಟದ ಮೇಲಿನ ತುದಿಗೆ ಹೋಗಬೇಕಿತ್ತು. ಏರು ಹತ್ತಲಿಲ್ಲ. ಮುಂದಿನ ಚಕ್ರಕ್ಕೆ 16, ಹಿಂದಿನದಕ್ಕೆ 14 ಅಂತ ಗಾಳಿ ಬಿಟ್ಟೆ. ಆನೆ ಹತ್ತಿದ ಹಾಗೆ ಹತ್ತಿತು. ಸಂಜೆ ಖಾಲಿ ಡ್ರಮ್ಮಿನ ಜೊತೆ ಕೆಲಸದವರು ಐದು ಜನ ಹಿಂದೆ ಕೂತರು. ಅವರನ್ನು ಮನೆಗೆ ಬಿಡಬೇಕು, ನಾಲ್ಕು ಕಿಲೋಮೀಟರ್ ಡಾಂಬರು. ಗಾಳಿ ಹೊಡೆಸಬೇಕಾದರೆ ಇನ್ನೊಂದು ದಿಕ್ಕಿನಲ್ಲಿ ಆರು ಕಿಲೋಮೀಟರ್ ದೂರದ ಪಂಕ್ಚರ್ ಅಂಗಡಿಗೆ ಹೋಗಬೇಕು. ಕತ್ತಲಾಗ್ತಾ ಇತ್ತು. ನಾಳೆ ಹೊಡೆಸಿದರಾಯ್ತು ಅಂದುಕೊಂಡೆ.

ಎರಡನೇ ಎಡ ತಿರುವಿನಲ್ಲಿ ಜೀಪಿನ ಹಿಂಭಾಗ ಬಲಕ್ಕೆ ಹೊರಟಿತು. ಸ್ಟೇರಿಂಗ್ ತಿರುಗಿಸಿದೆ. ಒಂದು ಕ್ಷಣ ಏನೂ ಆಗಲಿಲ್ಲ. ನಾನು ತಿರುಗಿಸಿದ್ದು ಚಕ್ರಕ್ಕೆ ಕೇಳಿಸಲೇ ಇಲ್ಲವೇನೋ ಅನ್ನಿಸಿತು. ಮರುಕ್ಷಣ ಎಲ್ಲ ಒಟ್ಟಿಗೆ ಹಿಡಿದು ಗಾಡಿ ಅಡ್ಡ ತಿರುಗಿ ಚರಂಡಿಗೆ ಇಳಿಯಿತು. ಮಗುಚಲಿಲ್ಲ, ಅದು ನಮ್ಮ ಪುಣ್ಯ. ಆದರೆ ನಮ್ಮಲ್ಲಿ ಎಷ್ಟೋ ವರ್ಷದಿಂದ ಕೆಲಸ ಮಾಡುವ ಅಕ್ಕ ಒಬ್ಬರ ಮಣಿಕಟ್ಟು ಮುರಿಯಿತು. ಎರಡು ತಿಂಗಳು ಆ ಕೈಯಲ್ಲಿ ಅವರು ಒಂದು ಬಿಂದಿಗೆ ಎತ್ತಲಿಲ್ಲ.

ಊರಿನಲ್ಲಿ ಎಲ್ಲರೂ ರಸ್ತೆಗೆ ಬೈದರು. ಪಾಚಿ ಕಟ್ಟಿದೆ, ತಿರುವಿನ ಇಳಿಜಾರು ಸರಿ ಇಲ್ಲ ಅಂದರು. ನನಗೂ ಹಾಗೆ ನಂಬೋದು ಸುಲಭವಾಗಿತ್ತು. ವಾರದ ಮೇಲೆ ಪಂಕ್ಚರ್ ಅಂಗಡಿಯವರು ಹಿಂದಿನ ಬಲಗಡೆ ಟೈರು ಬಿಚ್ಚಿ ನನ್ನನ್ನು ಕರೆದು ತೋರಿಸಿದರು. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿರುವ ಜಾಗದಲ್ಲಿ ಹುಲ್ಲು, ಮಣ್ಣು ಸಿಕ್ಕಿಕೊಂಡಿತ್ತು. ಅಂದರೆ ಟೈರು ಒಂದು ಕ್ಷಣ ರಿಮ್ಮಿನಿಂದ ಬಾಯಿ ತೆರೆದಿದೆ. ಟ್ಯೂಬಿನ ಮೂತಿ ಓರೆಯಾಗಿತ್ತು. "ನೀವು ಇನ್ನೊಂದು ಸ್ವಲ್ಪ ಜೋರಾಗಿ ಹೋಗಿದ್ರೆ ಟೈರು ಒಂದ್ಕಡೆ, ನೀವು ಒಂದ್ಕಡೆ" ಅಂದರು. ರಸ್ತೆಗೆ ಬೈಯೋದನ್ನು ಅವತ್ತಿಗೆ ನಿಲ್ಲಿಸಿದೆ.

ಈಗ ವಿಷಯಕ್ಕೆ ಬರೋಣ. ಗಾಳಿ ಇಳಿಸೋದು ತಪ್ಪಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಕೆಲವು ಹಿರಿಯರು "ಗಾಳಿ ಬಿಟ್ಟು ಓಡಿಸಿದ್ರೆ ಟೈರು ಹಾಳು" ಅಂತ ಗದರಿಸ್ತಾರೆ. ಕೆಸರಿನಲ್ಲಿ, ನಿಧಾನದಲ್ಲಿ ಅದು ಅಷ್ಟೇನೂ ನಿಜವಲ್ಲ. ಒಂದು ಚಕ್ರದ ಮೇಲೆ 400 ಕೆಜಿ ಭಾರ ಇದೆ ಅಂದುಕೊಳ್ಳಿ. 28 ಪಿಎಸ್‌ಐ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2 ಕೆಜಿ ಒತ್ತಡ. ಹಾಗಾದರೆ ಆ ಭಾರ ಹೊರೋಕೆ ಟೈರು ನೆಲಕ್ಕೆ ಸುಮಾರು 200 ಚದರ ಸೆಂಟಿಮೀಟರ್ ಒತ್ತಬೇಕು. 14ಕ್ಕೆ ಇಳಿಸಿದರೆ ಹತ್ತಿರ ಹತ್ತಿರ 400. ಟೈರಿನ ರಬ್ಬರು, ನೂಲು ಕೂಡ ಸ್ವಲ್ಪ ಭಾರ ಹೊರೋದರಿಂದ ಲೆಕ್ಕ ಕರಾರುವಾಕ್ಕಾಗಿ ಹೀಗೇ ಬರಲ್ಲ, ಆದರೆ ಅಂದಾಜು ಇದೇ. ಪಾದ ಉದ್ದವಾದ ಟೈರು ಕೆಸರಿನಲ್ಲಿ ಹೂತುಕೊಳ್ಳಲ್ಲ, ಕಲ್ಲನ್ನು ತಬ್ಬಿಕೊಂಡು ಹತ್ತುತ್ತೆ. ತೋಟದ ದಾರಿಯೂ ಕಿತ್ತುಹೋಗಲ್ಲ. ಗದ್ದೆಯಲ್ಲಿ ಟ್ರ್ಯಾಕ್ಟರಿಗೂ ಇದೇ ಮಾತು: ಗಾಳಿ ಕಡಿಮೆ ಇದ್ದರೆ ಮಣ್ಣು ಕಡಿಮೆ ಗಟ್ಟಿಯಾಗುತ್ತೆ, ಚಕ್ರ ಕಡಿಮೆ ಸುತ್ತುತ್ತೆ, ಡೀಸೆಲ್ ಉಳಿಯುತ್ತೆ.

ಇಷ್ಟೆಲ್ಲ ಉಪಕಾರ ಮಾಡೋದು ಟೈರಿನ ಪಕ್ಕೆ, ಅಂದರೆ ಸೈಡ್‌ವಾಲ್. ಅದು ಮಡಚಿಕೊಳ್ಳುತ್ತೆ, ಅದಕ್ಕೇ ಪಾದ ಹರಡಿಕೊಳ್ಳುತ್ತೆ. ತೊಂದರೆ ಕೊಡೋದೂ ಅದೇ ಪಕ್ಕೆ.

ಹೇಗೆ ಅಂತ ಅರ್ಥ ಆಗಬೇಕಾದರೆ ಸಡಿಲವಾದ ಹವಾಯಿ ಚಪ್ಪಲಿ ಹಾಕಿಕೊಂಡು ಓಡಿ, ಥಟ್ಟನೆ ಪಕ್ಕಕ್ಕೆ ತಿರುಗಿ ನೋಡಿ. ಚಪ್ಪಲಿಯ ಅಡಿ ನೆಲ ಹಿಡಿದುಕೊಂಡಿರುತ್ತೆ, ಪಾದ ಮಾತ್ರ ಪಟ್ಟಿಯನ್ನು ಎಳೆದುಕೊಂಡು ಹೊರಗೆ ಹೋಗುತ್ತೆ. ಬಿಗಿ ಬೂಟು ಹಾಕಿದ್ದರೆ ಪಾದವೂ ಅಡಿಯೂ ಒಟ್ಟಿಗೆ ತಿರುಗುತ್ತವೆ. ಗಾಡಿಯಲ್ಲಿ ಪಾದ ಅಂದರೆ ರಿಮ್ಮು, ಅಡಿ ಅಂದರೆ ಟೈರಿನ ಹಲ್ಲು, ನಡುವಿನ ಪಟ್ಟಿ ಅಂದರೆ ಸೈಡ್‌ವಾಲ್. ಸ್ಟೇರಿಂಗ್ ತಿರುಗಿಸಿದಾಗ ಮೊದಲು ರಿಮ್ಮು ತಿರುಗುತ್ತೆ. ಸೈಡ್‌ವಾಲ್ ತಿರುಚಿಕೊಂಡು ಬಿಗಿಯಾದ ಮೇಲೇ ಹಲ್ಲು ತಿರುಗೋದು. ಗಾಳಿ ತುಂಬಿದ ಟೈರಿನಲ್ಲಿ ಈ ತಡ ಗೊತ್ತೇ ಆಗಲ್ಲ. ಅರ್ಧ ಗಾಳಿಯ ಟೈರಿನಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ನನಗೆ "ಚಕ್ರಕ್ಕೆ ಕೇಳಿಸಲಿಲ್ಲ" ಅನ್ನಿಸಿದ್ದು ಇದೇ ತಡ.

ಇನ್ನೊಂದು ಸಂಗತಿ ಇದೆ. ತಿರುವಿನಲ್ಲಿ ಯಾವ ಟೈರೂ ತಾನು ನೋಡುವ ದಿಕ್ಕಿಗೇ ಸರಿಯಾಗಿ ಹೋಗಲ್ಲ, ಸ್ವಲ್ಪ ಹೊರಕ್ಕೆ ಓರೆಯಾಗಿ ಹೋಗುತ್ತೆ. ಇಂಜಿನಿಯರುಗಳು ಇದಕ್ಕೆ ಸ್ಲಿಪ್ ಆಂಗಲ್ ಅಂತಾರೆ. ಇದು ಜಾರೋದಲ್ಲ, ರಬ್ಬರು ಬಾಗಿ ಬಾಗಿ ಪಕ್ಕಕ್ಕೆ ಹೆಜ್ಜೆ ಹಾಕೋದು. ಪಕ್ಕೆ ಮೆತ್ತಗಾದಷ್ಟೂ ಅದೇ ತಿರುವಿಗೆ ಹೆಚ್ಚು ಓರೆ ಬೇಕು. ಮುಂದಿನ ಟೈರಿನಲ್ಲಿ ಗಾಳಿ ಕಡಿಮೆ ಇದ್ದರೆ ಗಾಡಿ ತಿರುಗದೆ ನೆಟ್ಟಗೆ ತಳ್ಳಿಕೊಂಡು ಹೋಗುತ್ತೆ. ಹಿಂದಿನದರಲ್ಲಿ ಕಡಿಮೆ ಇದ್ದರೆ ಹಿಂಭಾಗ ಹೊರಕ್ಕೆ ಬೀಸುತ್ತೆ. ಎರಡರಲ್ಲಿ ಎರಡನೇದು ಕೆಟ್ಟದ್ದು, ಯಾಕೆಂದರೆ ಸರಿಪಡಿಸೋಕೆ ಹೋದರೆ ಸಾಮಾನ್ಯ ಡ್ರೈವರ್ ಕೈಯಲ್ಲಿ ಅದು ಉಲ್ಟಾ ಹೊಡೆಯುತ್ತೆ. ನಾನು ಹಿಂದಿನ ಎರಡಕ್ಕೇ ಹೆಚ್ಚು ಗಾಳಿ ಬಿಟ್ಟಿದ್ದೆ, ಮೇಲೆ ಐದು ಜನರನ್ನೂ ಹಿಂದೇ ಕೂರಿಸಿದ್ದೆ. ಪಿಕಪ್ಪು, ಜೀಪಿನ ಬಾಗಿಲ ಹತ್ತಿರದ ಸ್ಟಿಕರ್ ನೋಡಿದ್ದೀರಾ? ಲೋಡು ಇದ್ದಾಗ ಹಿಂದಿನ ಚಕ್ರಕ್ಕೆ ಜಾಸ್ತಿ ಗಾಳಿ ಅಂತ ಬರೆದಿರುತ್ತೆ. ನಾನು ಮಾಡಿದ್ದು ಅದರ ನೇರ ವಿರುದ್ಧ.

ವೇಗದ ಲೆಕ್ಕ ಇನ್ನೂ ಭಯಂಕರ. ಜೀಪು, ಜನ, ಸಾಮಾನು ಸೇರಿ 2000 ಕೆಜಿ ಅಂತಿಟ್ಟುಕೊಳ್ಳಿ, ತಿರುವು 20 ಮೀಟರ್ ತ್ರಿಜ್ಯದ್ದು, ನಮ್ಮ ಕಡೆ ಊರೊಳಗಿನ ರಸ್ತೆಯಲ್ಲಿ ಸಾಮಾನ್ಯವಾಗಿ ಸಿಗುವಂಥದ್ದು. ಗಂಟೆಗೆ 20 ಕಿಲೋಮೀಟರಿನಲ್ಲಿ ತಿರುಗಿದರೆ ಗಾಡಿಯನ್ನು ಹೊರಕ್ಕೆ ಎಳೆಯುವ ಬಲ ಸುಮಾರು 315 ಕೆಜಿ ತೂಕದಷ್ಟು. 30ರಲ್ಲಿ 700ರ ಮೇಲೆ. 40ರಲ್ಲಿ 1250ರ ಮೇಲೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಒದ್ದೆ ಡಾಂಬರಿನಲ್ಲಿ 40ರ ಎಳೆತ ತಡೆಯೋದು ಒಳ್ಳೇ ಗಾಳಿಯ ಒಳ್ಳೇ ಟೈರಿಗೂ ಕಷ್ಟವೇ. ಇದಷ್ಟೂ ಹೊರಗಡೆಯ ಎರಡು ಟೈರುಗಳ ಪಕ್ಕೆಯ ಮೇಲೇ ಹೆಚ್ಚಾಗಿ ಬೀಳುತ್ತೆ. ಅವು ಮಡಚಿಕೊಂಡಾಗ ಗಾಡಿ ಆ ಕಡೆಗೆ ವಾಲುತ್ತೆ, ವಾಲಿದರೆ ಭಾರ ಇನ್ನೂ ಆ ಕಡೆಗೇ ಹೋಗುತ್ತೆ. ಹಿಂದೆ ಜನ ನಿಂತಿದ್ದರೆ, ಮೂಟೆ ಎತ್ತರಕ್ಕೆ ಪೇರಿಸಿದ್ದರೆ ಕೇಳೋದೇ ಬೇಡ.

ನನ್ನ ವಾದ ಇಷ್ಟೆ. ಕೆಸರಿನಲ್ಲಿ ಗಾಳಿ ಇಳಿಸೋದು ಅರ್ಧ ಕೆಲಸ. ಡಾಂಬರಿಗೆ ಚಕ್ರ ಇಡುವ ಮೊದಲು ವಾಪಸ್ ತುಂಬೋದು ಇನ್ನರ್ಧ. ಅರ್ಧ ಕೆಲಸವನ್ನೇ ಜಾಣತನ ಅಂತ ವಿಡಿಯೋ ಮಾಡಿ ಹಾಕೋದು ನಿಲ್ಲಿಸಬೇಕು. ಯೂಟ್ಯೂಬಿನಲ್ಲಿ ಆಫ್‌ರೋಡ್ ವಿಡಿಯೋ ನೋಡಿ, ಗಾಳಿ ಬಿಡುವಾಗ ಬುಸ್ ಅನ್ನೋ ಸದ್ದು ಸಮೇತ ತೋರಿಸ್ತಾರೆ. ಸಂಜೆ ಪಂಪ್ ಹಚ್ಚಿ ಕಾಲು ಗಂಟೆ, ಅರ್ಧ ಗಂಟೆ ಕೂತು ತುಂಬೋದು ಬೇಜಾರಿನ ದೃಶ್ಯ, ಅದನ್ನ ಕತ್ತರಿಸಿ ಬಿಸಾಕಿರ್ತಾರೆ. ಆಫ್‌ರೋಡ್‌ನವರು ನಿಜಕ್ಕೂ ತುಂಬಿಯೇ ಮನೆಗೆ ಹೋಗೋದು. ನಾವು ಕಲಿತದ್ದು ತೋರಿಸಿದ್ದನ್ನು ಮಾತ್ರ.

"ಅಣ್ಣ, ನಿಧಾನಕ್ಕೆ ಹೋದ್ರೆ ಆಯ್ತಲ್ಲ?" ಅಂತ ಕೇಳ್ತಾರೆ. ನಿಜ, ಇಪ್ಪತ್ತರಲ್ಲಿ ಹೋದರೆ ಮನೆ ಮುಟ್ಟಬಹುದು. ಆದರೆ ಎದುರಿನಿಂದ ಬಸ್ಸು ಬಂದಾಗ, ನಾಯಿ ಅಡ್ಡ ಓಡಿದಾಗ ಸ್ಟೇರಿಂಗನ್ನು ಥಟ್ಟನೆ ತಿರುಗಿಸೋದು ನಿಮ್ಮ ಇಷ್ಟದ ವೇಗದಲ್ಲಲ್ಲ. ಜೊತೆಗೆ ಬಿಸಿ. ಮೆತ್ತಗಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತೆ, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕಾಯುವ ಹಾಗೆ. ಒಳಗಿನ ನೂಲು ಸೋಲುತ್ತೆ. ಹೊರಗಿನಿಂದ ಏನೂ ಕಾಣಲ್ಲ, ಟೈರು ಬಿಚ್ಚಿದರೆ ಒಳಗೆ ಸುತ್ತಲೂ ಕಪ್ಪು ಪುಡಿ, ಸವೆದ ಪಟ್ಟಿ ಕಾಣುತ್ತೆ. ಅಂಥ ಟೈರನ್ನು ಮತ್ತೆ ಹಾಕಬೇಡಿ. ಪಕ್ಕೆಗೆ ಬಿದ್ದ ತೂತಿಗೂ ಪ್ಯಾಚ್ ನಂಬಬೇಡಿ. ಹಲ್ಲಿನ ಭಾಗದ ಪಂಕ್ಚರ್ ಬೇರೆ, ದಿನವಿಡೀ ಮಡಚುವ ಜಾಗದ ಪಂಕ್ಚರ್ ಬೇರೆ.

ಹಾಗೇ ಫೋರ್‌ವೀಲ್ ಲಿವರ್ ಕೂಡ. ನಮ್ಮ ಹಳೇ ಜೀಪುಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಶಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸುತ್ತಬೇಕು, ಹಿಂದಿನದು ಕಡಿಮೆ. ಕೆಸರಿನಲ್ಲಿ ಜಾರಿಕೊಂಡು ಹೊಂದಿಕೊಳ್ಳುತ್ತವೆ. ಡಾಂಬರಿನಲ್ಲಿ ಹೊಂದಿಕೊಳ್ಳೋಕೆ ಆಗದೆ ಗಾಡಿ ನೆಟ್ಟಗೆ ಹೋಗೋಕೆ ನೋಡುತ್ತೆ, ಸ್ಟೇರಿಂಗ್ ಭಾರವಾಗುತ್ತೆ. ಗೇಟಿನಲ್ಲಿ ಗಾಳಿ ತುಂಬುವಾಗಲೇ ಲಿವರ್ ಕೂಡ ತೆಗೆದುಬಿಡಿ.

ಬಯಲುಸೀಮೆಯ ಗೆಳೆಯರು ಇದು ಎಸ್ಟೇಟಿನವರ ಕಥೆ ಅಂದುಕೊಳ್ಳಬೇಡಿ. ಟ್ರ್ಯಾಕ್ಟರ್ ಇನ್ನೂ ಸೂಕ್ಷ್ಮ. ಜೀಪಿಗೆ ಸ್ಪ್ರಿಂಗ್ ಪಟ್ಟಿಯಾದರೂ ಇದೆ, ಟ್ರ್ಯಾಕ್ಟರಿನ ಹಿಂದಿನ ಆಕ್ಸಲ್‌ಗೆ ಏನೂ ಇಲ್ಲ. ಟೈರಿನ ಪಕ್ಕೆಯೇ ಅದರ ಸ್ಪ್ರಿಂಗು. ರಸ್ತೆಯಲ್ಲಿ ಜೋರಾಗಿ ಹೋದಾಗ ಟ್ರ್ಯಾಕ್ಟರ್ ಕುಣಿಯೋದು ಅದಕ್ಕೇ. 13.6-28 ಅಳತೆಯ ಹಿಂದಿನ ಟೈರಿಗೆ ಸಾಮಾನ್ಯವಾಗಿ ಹೊಲದ ಕೆಲಸಕ್ಕೆ 12ರಿಂದ 14, ಟ್ರೈಲರ್ ಎಳೆಯೋಕೆ 18ರಿಂದ 20ರ ಆಸುಪಾಸು ಇಡ್ತಾರೆ; ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದೇ ಕೊನೇ ಮಾತು. ಈ ಐದಾರು ಪಿಎಸ್‌ಐ ವ್ಯತ್ಯಾಸ ಕಣ್ಣಿಗೆ ಕಾಣಲ್ಲ, ಒದ್ದು ನೋಡಿದರೂ ಗೊತ್ತಾಗಲ್ಲ. ಎಡಗಡೆ ಟೈರು ಬಲಗಡೆಗಿಂತ ಐದು ಸೆಂಟಿಮೀಟರ್ ಹೆಚ್ಚು ಕುಸಿದಿದ್ದರೆ, ಚಕ್ರಗಳ ನಡುವೆ ಒಂದೂವರೆ ಮೀಟರ್ ಅಗಲ ಇರುವ ಟ್ರ್ಯಾಕ್ಟರ್ ನಿಂತಲ್ಲೇ ಸುಮಾರು ಎರಡು ಡಿಗ್ರಿ ವಾಲಿರುತ್ತೆ. ಬಲ ತಿರುವಿನಲ್ಲಿ ಅದೇ ಎಡ ಟೈರು ಇನ್ನೂ ಕುಸಿಯುತ್ತೆ. ಹಿಂದೆ ಕಬ್ಬಿನ ಟ್ರೈಲರ್ ಬೇರೆ ತಳ್ಳುತ್ತಿರುತ್ತೆ.

ಚಕ್ರಕ್ಕೆ ನೀರು ತುಂಬಿದವರು ಒಂದು ವಿಷಯ ಗಮನಿಸಿ. ನೀರು ತುಂಬಿದ ಮೇಲೆ ಗಾಳಿಗೆ ಉಳಿಯೋ ಜಾಗ ಸ್ವಲ್ಪ, ಹಾಗಾಗಿ ಸ್ವಲ್ಪ ಗಾಳಿ ಹೋದರೂ ಒತ್ತಡ ಬೇಗ ಇಳಿಯುತ್ತೆ. ಗೇಜ್ ಹಚ್ಚುವಾಗ ವಾಲ್ವ್ ಮೇಲ್ಗಡೆ ಬರುವ ಹಾಗೆ ಚಕ್ರ ನಿಲ್ಲಿಸಿ, ಕೆಳಗಿದ್ದರೆ ನೀರಿನ ಭಾರವೂ ಸೇರಿ ಜಾಸ್ತಿ ತೋರಿಸುತ್ತೆ, ಗೇಜಿಗೂ ನೀರು ನುಗ್ಗುತ್ತೆ. ಇನ್ನು ಎಡ-ಬಲ ಬ್ರೇಕ್ ಪೆಡಲ್ ಜೋಡಿಸುವ ಕೊಂಡಿ. ಹೊಲದಿಂದ ರಸ್ತೆಗೆ ಬಂದಾಗ ಅದನ್ನ ಹಾಕದೆ ಓಡಿಸುವವರನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತೆ. ಅದಕ್ಕೆ ಕಾಸೂ ಖರ್ಚಿಲ್ಲ.

ಟೈರು ಕೊಳ್ಳುವಾಗಿನ ಮಾತೂ ಸ್ವಲ್ಪ ಆಡಿಬಿಡೋಣ. ಟೈರಿನ ಮೇಲೆ 245/75 ಆರ್16 ಅಂತ ಇದ್ದರೆ ಅಗಲ 245 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡ 75, ಅಂದರೆ ಸುಮಾರು 184 ಮಿಲಿಮೀಟರ್. 255/65 ಆರ್18 ಆದರೆ ಸುಮಾರು 166. ಚಿಕ್ಕ ಪಕ್ಕೆ ರಸ್ತೆ ತಿರುವಿನಲ್ಲಿ ಚುರುಕು, ದೊಡ್ಡ ಪಕ್ಕೆ ತೋಟದಲ್ಲಿ ಮೆತ್ತಗೆ. ದೊಡ್ಡ ಅಲಾಯ್ ಚಕ್ರ ಚೆಂದ ಕಾಣುತ್ತೆ ಅಂತ ತೋಟದ ಗಾಡಿಗೆ ಹಾಕಿಸೋದು ನನ್ನ ಪ್ರಕಾರ ದುಡ್ಡು ದಂಡ; ಜಂಬಿಟ್ಟಿಗೆ ಕಲ್ಲಿಗೆ ಒಂದು ಸಲ ತಾಗಿದರೆ ಗೊತ್ತಾಗುತ್ತೆ. ರೇಡಿಯಲ್ ಟೈರಿನ ಪಕ್ಕೆ ಸರಿಯಾದ ಗಾಳಿಯಲ್ಲೂ ಸ್ವಲ್ಪ ಉಬ್ಬಿಯೇ ಇರುತ್ತೆ, ನೈಲಾನ್ ಟೈರಿನದು ಹಾಗಿರಲ್ಲ. ಕಣ್ಣಳತೆ ಇಲ್ಲೇ ಮೋಸ ಮಾಡೋದು. ಒಂದೇ ಆಕ್ಸಲ್‌ಗೆ ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಯಾವತ್ತೂ ಬೇಡ, ಎರಡರ ಪಕ್ಕೆ ಎರಡು ರೀತಿ ಬಾಗುತ್ತೆ. ಸೆಕೆಂಡ್ ಹ್ಯಾಂಡ್ ಟೈರು ತರುವವರು ಪಕ್ಕೆಯ ಮೇಲಿನ ನಾಲ್ಕು ಅಂಕೆ ಓದಿ: 2321 ಅಂದರೆ 2021ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಇರಲಿ, ಪಕ್ಕೆಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಅಲ್ಲೇ ಬಿಟ್ಟು ಬನ್ನಿ.

ನಾನೀಗ ಏನು ಮಾಡ್ತೀನಿ? ಜೀಪಿನ ಬಾಗಿಲ ಸ್ಟಿಕರಿನ ಫೋಟೋ ಮೊಬೈಲಿನಲ್ಲಿ ಫೇವರಿಟ್ ಮಾಡಿ ಇಟ್ಟಿದ್ದೀನಿ. ಡ್ಯಾಶ್‌ಬೋರ್ಡಿನಲ್ಲಿ ಕೆಲವು ನೂರು ರೂಪಾಯಿಯ ಗೇಜ್ ಇದೆ, ಸೀಟಿನ ಕೆಳಗೆ ಬ್ಯಾಟರಿಗೆ ಹಚ್ಚುವ 12 ವೋಲ್ಟಿನ ಪಂಪ್. ಪಂಪಿಗೆ ಕೊಟ್ಟಿದ್ದು ಅರ್ಧ ಟ್ಯಾಂಕ್ ಡೀಸೆಲ್ ದುಡ್ಡು. ಬೆಳಿಗ್ಗೆ ಟೈರು ತಣ್ಣಗಿದ್ದಾಗ ಅಳತೆ, ಓಡಿ ಬಿಸಿಯಾದ ಮೇಲೆ ಗೇಜ್ ಜಾಸ್ತಿ ತೋರಿಸುತ್ತೆ ಅಂತ ಗಾಳಿ ಬಿಡಲ್ಲ. ಎಷ್ಟೇ ಕೆಸರಿರಲಿ, ಜನ ಕೂತಿದ್ದರೆ 18ರ ಕೆಳಗೆ ಇಳಿಸಲ್ಲ. ಇದು ನನ್ನ ಗಾಡಿಗೆ ನಾನು ಹಾಕಿಕೊಂಡ ಲೆಕ್ಕ, ನಿಮ್ಮದು ಬೇರೆ ಇರಬಹುದು. ವಾಲ್ವಿಗೆ ಹಾಕುವ ಬ್ಲೂಟೂತ್ ಕ್ಯಾಪ್ ಬಂದಿವೆ, ನಾಲ್ಕೂ ಚಕ್ರದ ಗಾಳಿ ಮೊಬೈಲಿನಲ್ಲೇ ಕಾಣುತ್ತೆ. ಒಳ್ಳೇದೇ, ಆದರೆ ಕೆಸರಿನಲ್ಲಿ ನನ್ನವು ಎರಡು ಕಿತ್ತುಹೋದವು.

ಎಲ್ಲರೂ ಪಂಪ್ ಕೊಳ್ಳೋಕೆ ಆಗಲ್ಲ, ಕೊಂಡವರೂ ಮಳೆಯಲ್ಲಿ ನಿಂತು ತುಂಬೋಕೆ ಬೇಸರ ಪಡ್ತಾರೆ, ನನಗೆ ಗೊತ್ತು. ಅದಕ್ಕೇ ನನ್ನ ಬೇಡಿಕೆ ಸೊಸೈಟಿಗಳ ಮುಂದೆ. ಗೊಬ್ಬರ, ಬೀಜ ಮಾರುವ ಸಹಕಾರ ಸಂಘದ ಗೋದಾಮು ಹೆಚ್ಚಿನ ಊರುಗಳಲ್ಲಿ ಡಾಂಬರು ರಸ್ತೆಯ ಪಕ್ಕದಲ್ಲೇ ಇದೆ. ಅಲ್ಲಿ ಒಂದು ಕಂಪ್ರೆಸರ್, ಒಂದು ಉದ್ದ ಪೈಪು, ಒಂದು ಸರಿಯಾದ ಗೇಜ್ ಇಟ್ಟರೆ ಸಾಕು. ಕರೆಂಟು ಬಿಲ್ಲಿಗೆ ಗಾಡಿಗೆ ಹತ್ತು ರೂಪಾಯಿ ತಗೊಳ್ಳಲಿ. ಸ್ಪ್ರೇಯರಿಗೆ, ಬೇಲಿಗೆ ಸಹಾಯಧನ ಕೇಳ್ತೀವಿ. ನಮ್ಮ ಜೊತೆ ದುಡಿಯುವ ಜನ ಸಂಜೆ ಸುರಕ್ಷಿತವಾಗಿ ಮನೆ ಸೇರೋಕೆ ಇದನ್ನೂ ಕೇಳೋಣ. ಬಾಡಿಗೆಗೆ ಟ್ರ್ಯಾಕ್ಟರ್ ತರಿಸುವವರು ಗಂಟೆಗೆ ಎಷ್ಟು ಅಂತ ಕೇಳುವಾಗಲೇ ಗಾಳಿ ಎಷ್ಟಿದೆ ಅಂತಲೂ ಕೇಳಿ.

ನಮ್ಮ ಸೊಸೈಟಿಯ ಕಾರ್ಯದರ್ಶಿಗಳಿಗೆ ಹೋದ ತಿಂಗಳು ಅರ್ಜಿ ಕೊಟ್ಟಿದ್ದೀವಿ, ಹದಿನೇಳು ಸಹಿ ಇದೆ. ಮಹಾಸಭೆಯಲ್ಲಿ ಇಡ್ತೀನಿ ಅಂದಿದ್ದಾರೆ. ಅಲ್ಲಿಯವರೆಗೆ ನಮ್ಮ ತೋಟದ ಗೇಟಿನಲ್ಲಿ ನನ್ನ ಪಂಪೇ ಓಡ್ತಾ ಇದೆ, ಅಕ್ಕಪಕ್ಕದ ತೋಟದ ಮೂರು ಜೀಪೂ ಅಲ್ಲೇ ನಿಲ್ಲುತ್ತವೆ. ಕೈ ಮುರಿದುಕೊಂಡಿದ್ದ ಅಕ್ಕ ದೀಪಾವಳಿ ಹೊತ್ತಿಗೆ ಕೆಲಸಕ್ಕೆ ವಾಪಸ್ ಬಂದರು. ಈಗಲೂ ಜೀಪಿನ ಹಿಂದೆ ಕೂರ್ತಾರೆ, ಆದರೆ ಗೇಟು ದಾಟಿದ ಮೇಲೆ. ಪಂಪ್ ಓಡುವಷ್ಟು ಹೊತ್ತು ಕೊಡೆ ಹಿಡಿದು ಚಕ್ರದ ಪಕ್ಕ ನಿಂತಿರ್ತಾರೆ.